ಪೇಟಿ ರಿಪೇರಿಯ ಮಜೀದಸಾಬರು ಮತ್ತು ನಮ್ಮ ಮನೆಯ ಸ್ಟೀರಿಯೋ

ಚೌಕಾಸಿ ಮಾಡುವ ಮನುಷ್ಯ ಒಂದು ದಿನ ಚೌಕಾಸಿ ನಿಲ್ಲಿಸಿದರೆ, ಅವನಿಗೆ ಏನೋ ಆಗಿದೆ ಎಂದೇ ಲೆಕ್ಕ. ಮೂವತ್ತು ವರ್ಷ ಅಂಗಡಿಯ ಗಲ್ಲೆಯ ಮೇಲೆ ಕೂತು ನಾನು ಕಲಿತ ವಿದ್ಯೆ ಇಷ್ಟೇ. ಅಬ್ದುಲ್ ಮಜೀದಸಾಬರ ಕಿವಿ ಹೋಗಿದೆ ಎಂಬುದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾದದ್ದು ಹೀಗೆ. ನನ್ನ ಅಂಗಡಿಯಲ್ಲಿ ಒಂದು ಬಲ್ಬು ತೆಗೆದುಕೊಳ್ಳಲು ಅರ್ಧ ತಾಸು ಜಗಳವಾಡುತ್ತಿದ್ದ ಮನುಷ್ಯ, ಅದೊಂದು ದಿನ ನಾನು ಹೇಳಿದ ರೇಟಿಗೆ "ಹಾಂ ಹಾಂ, ಬರಾಬರ್" ಎಂದು ತಲೆಯಾಡಿಸಿ ಹೊರಟರು. ಪರೀಕ್ಷೆಗೆಂದು ಮರುದಿನ ದುಪ್ಪಟ್ಟು ಹೇಳಿದೆ. ಅದಕ್ಕೂ "ಬರಾಬರ್" ಎಂದರು. ದುಡ್ಡು ವಾಪಸು ಕೊಟ್ಟೆ ಅನ್ನಿ. ಅಷ್ಟು ಸುಲಭವಾಗಿ ಬಂದ ಲಾಭ ನನಗೆ ಅರಗುವುದಿಲ್ಲ.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಕರೆಂಟಿನ ಸಾಮಾನಿನ ಅಂಗಡಿ. ಅದರ ಮುಂದಿನ ಫರ್ಸಿ ಕಲ್ಲಿನ ಕಟ್ಟೆಯ ಎಡಗಡೆಯ ಮೂರು ಫೂಟು ಜಾಗ 1993ರಿಂದ ಮಜೀದಸಾಬರದು. ಬಾಡಿಗೆ ಕೇಳಿದವನಲ್ಲ ನಾನು. ಇದನ್ನು ನನ್ನ ಧರ್ಮಬುದ್ಧಿ ಎಂದು ತಿಳಿದವರು ನನ್ನನ್ನು ತಿಳಿದವರಲ್ಲ. ಹಾರ್ಮೋನಿಯಂ ಅಂದರೆ ನಮ್ಮ ಕಡೆ ಪೇಟಿ. ಪೇಟಿ ರಿಪೇರಿಗೆ ತಂದವರು ತಾಸುಗಟ್ಟಲೆ ಕಾಯಬೇಕು. ಕಾಯುವವರು ಸುಮ್ಮನೆ ಎಷ್ಟು ಹೊತ್ತು ರಸ್ತೆ ನೋಡಿಯಾರು? ತಿರುಗಿ ನನ್ನ ಅಂಗಡಿ ನೋಡುತ್ತಾರೆ. ಮಳಖೇಡದ ಭಜನಿ ಮಂದಿ ಎಂಟು ಜನ ಒಂದು ಪೇಟಿ ಹೊತ್ತು ತಂದು, ಹೋಗುವಾಗ ಒಂದು ಪೇಟಿ ಮತ್ತು ಮೂರು ಟೇಬಲ್ ಫ್ಯಾನು ಹೊತ್ತುಕೊಂಡು ಹೋದದ್ದುಂಟು. ಇಂಥವರಿಂದ ಬಾಡಿಗೆ ಕೇಳಲು ನನಗೇನು ಹುಚ್ಚೇ?

ಕೆಲಸ ಅವರು ಕಲಿತದ್ದು ಹೈದರಾಬಾದಿನಲ್ಲಿ, ಸೋದರಮಾವನ ಕೈಕೆಳಗೆ. ಮೈಮೇಲೆ ಸದಾ ಒಂದು ಬೂದು ಅಂಗಿ, ಜೇಬಿನಲ್ಲಿ ಹಲ್ಲುಕಡ್ಡಿಯಷ್ಟು ತೆಳ್ಳಗಿನ ಒಂದು ಹೆರೆಯುವ ಉಕ್ಕಿನ ಕಡ್ಡಿ. ಪೇಟಿಯ ಹೊಟ್ಟೆಯೊಳಗೆ ಹಿತ್ತಾಳೆಯ ನಾಲಿಗೆಗಳಿರುತ್ತವೆ, ರೀಡ್ ಅನ್ನುತ್ತಾರೆ. ರೀಡಿನ ತುದಿ ಹೆರೆದರೆ ಸ್ವರ ಏರುತ್ತದೆ, ಬುಡ ಹೆರೆದರೆ ಇಳಿಯುತ್ತದೆ. ಎರಡು ಸ್ವರ ಕೂಡಿ ನುಡಿಸಿದಾಗ ಒಂದಕ್ಕೊಂದು ಕೂದಲಿನಷ್ಟು ತಪ್ಪಿದ್ದರೂ ನಡುವೆ ಒಂದು ಅಲೆ ಏಳುತ್ತದೆ: ವವ್‌... ವವ್‌... ವವ್‌... ಅದನ್ನು ಮಜೀದಸಾಬರು ಝೂಲಾ, ಅಂದರೆ ಜೋಕಾಲಿ, ಎನ್ನುತ್ತಿದ್ದರು. ಜೋಕಾಲಿ ಮೆಲ್ಲಗಾಗುತ್ತ ಆಗುತ್ತ ನಿಂತುಬಿಟ್ಟರೆ ಸ್ವರ ಕೂಡಿತು ಎಂದು ಅರ್ಥ. ಅವರ ಜೀವನವೆಲ್ಲ ಈ ಜೋಕಾಲಿ ನಿಲ್ಲಿಸುವುದರಲ್ಲೇ ಕಳೆದಿದೆ.

ಅವರಿಗೂ ನನಗೂ ಹತ್ತು ವರ್ಷ ಇದ್ದ ಜಗಳ ಒಂದೇ. ಗಿರಾಕಿಗೆ ತೋರಿಸಲೆಂದು ನಾನು ಒಂದು ಸೀಲಿಂಗ್ ಫ್ಯಾನು ತಿರುಗಿಸಿ ಬಿಟ್ಟಿರುತ್ತಿದ್ದೆ. ಅವರು ಹೊರಗಿನಿಂದಲೇ ಕೂಗುತ್ತಿದ್ದರು:

"ಸಾವ್ಕಾರ್ರೆ, ಫ್ಯಾನ್ ಬಂದ್ ಮಾಡ್ರಿ! ನಿಮ್ಮ ರೆಕ್ಕಿ ನನ್ನ ಸ್ವರ ಕತ್ತರಸಾಕತ್ತದ."

"ಬಂದ್ ಮಾಡಿದ್ರ ಫ್ಯಾನ್ ಹೆಂಗ ಮಾರಬೇಕ್ರಿ ಮಜೀದಸಾಬ್?"

"ಬೆವರು ಬಂದ್ರ ಗಿರಾಕಿ ತಾನೇ ಕೇಳ್ತಾನ. ವ್ಯಾಪಾರ ನಾ ಹೇಳಿಕೊಡಬೇಕೇನು ನಿಮಗ?"

2003ರ ಹೊತ್ತಿಗೆ ಈ ಕೂಗು ನಿಂತಿತು. ಫ್ಯಾನು ತಿರುಗುತ್ತಿತ್ತು, ಮಜೀದಸಾಬರು ತಮ್ಮಷ್ಟಕ್ಕೆ ಹೆರೆಯುತ್ತಿದ್ದರು. ಸಣ್ಣಂದಿನಿಂದ ಸೋರುತ್ತಿದ್ದ ಕಿವಿ, ಎರಡೂ ತಮಟೆ ತೂತಾಗಿವೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಕಿವಿಗೆ ಇಡುವ ಮಷೀನು ತಂದರು. ಪೇಟಿ ಬಾರಿಸಿದರೆ ಅದು ಸೀಟಿ ಹೊಡೆಯುತ್ತಿತ್ತು. ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ಮೇಲಿನ ಸ್ವರಗಳು ಕೇಳುತ್ತಿದ್ದವು. ಕೆಳಗಿನ ಸಾಲು, ಆ ಗಂಭೀರ ದಪ್ಪ ಸ್ವರಗಳು, ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ಮೀಸೆಯವರು ಬಂದರೆ ಮಾತ್ರ ಸ್ವಲ್ಪ ತ್ರಾಸಾಗುತ್ತಿತ್ತು.

ಊರಿಗೆ ಕಿವಿ ಇತ್ತಲ್ಲ. ಸೇಡಮಿನ ಖಂಡೆಪ್ಪ ಮಾಸ್ತರು ತಮ್ಮ ಪೇಟಿಯನ್ನು ರಿಪೇರಿಗೆ ಸೋಲಾಪುರಕ್ಕೆ ಕಳಿಸಿದರಂತೆ ಎಂಬ ಸುದ್ದಿ ಮೊದಲು ಬಂತು. ಆಮೇಲೆ ಕಾಳಗಿಯವರು. ಆಮೇಲೆ ಚಿಂಚೋಳಿ ಕಡೆಯ ಕೊಡ್ಲಿಯ ಭಜನಿ ಮಂದಿ. ವಾಡಿಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟಿದ್ದ ಅಳಿಯ ಮಶಾಕ ಬಂದು, "ಮಾಮು, ನನ್ನ ಅಂಗಡ್ಯಾಗ ಕುಂದ್ರಿ, ಪಂಪ್ ಹೊಡಿಯೋದಷ್ಟೇ ಕೆಲಸ" ಎಂದು ಎರಡು ಸಲ ಹೇಳಿ ಹೋದ. ಮಜೀದಸಾಬರ ಉತ್ತರ ಎರಡು ಸಲವೂ ಒಂದೇ: "ನಲವತ್ತು ವರ್ಷ ಹವಾ ಹಾಕೀನಿ ಬೇಟಾ, ಆದ್ರ ಹಾಡೋ ಸಾಮಾನಿಗೆ. ಟ್ಯೂಬಿಗೆ ಹಾಕಂಗಿಲ್ಲ."

2007ರ ಮೇ ತಿಂಗಳು. ಹೊರಗೆ ಕಾಲಿಟ್ಟರೆ ಫರ್ಸಿಯ ಮೇಲೆ ರೊಟ್ಟಿ ಬೇಯುವ ಬಿಸಿಲು. ಒಂದು ಭಾನುವಾರ ಮುಂಜಾನೆಯ ಪ್ಯಾಸೆಂಜರಿಗೆ ವಾಡಿಯಿಂದ ಜಾನಕೀಬಾಯಿ ಬಂದಿಳಿದರು. ಹಿಂದೆ ಅವರ ಪೇಟಿ ಹೊತ್ತು ಸೋದರಳಿಯ ಪ್ರಾಣೇಶ. ವಾಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವ, ಮದುವೆಯಾಗಿ ಎರಡು ಮಕ್ಕಳಿದ್ದರೂ ಅತ್ತೆಯ ಬಾಯಿಗೆ ಇನ್ನೂ ಪ್ರಾಣ್ಯಾ. ಜಾನಕೀಬಾಯಿ ಅರವತ್ತರ ಹೆಂಗಸು, ಹೆಂಗಸರ ಭಜನಾ ಮಂಡಳಿಯ ಯಜಮಾನಿ. ಗುರುವಾರ ಅಧಿಕ ಮಾಸ ಹಿಡಿಯುವುದಿತ್ತು. ತಿಂಗಳಿಡೀ ದಿನವೂ ಮಂಡಳಿಯ ಹಾಡು. ಆ ಮಂಡಳಿಯವರು ಹಾಡಲು ಹಿಡಿಯುವ ಮೂಲ ಸ್ವರ ಪೇಟಿಯ ಬಿಳಿ ಐದು, ಅಂದರೆ ಬೆರಳಿನಿಂದ ಒತ್ತುವ ಬಿಳಿ ಮನೆಗಳಲ್ಲಿ ಐದನೆಯದು. ಅದು ಕೆಟ್ಟರೆ ಎಲ್ಲ ಕೆಟ್ಟಂತೆ.

"ಮಜೀದಸಾಬ, ನೀವು ದೀಪಾವಳಿಗೆ ಕೂಡ್ಸಿ ಕೊಟ್ಟ ಪೇಟಿ ಇದು. ಕೆಳಗಿನ ಬಿಳಿ ಐದು ಒತ್ತಿದ್ರ ಎಮ್ಮಿ ಈಯಾಕ ಕುಂತಂಗ ಆಗ್ತದ. ನಾವು ದೇವರ್ನ ಕರೀಬೇಕೋ, ದನದ ಡಾಕ್ಟರ್ನ ಕರೀಬೇಕೋ?"

ಪ್ರಾಣೇಶ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನಾ ಮೊದ್ಲೇ ಹೇಳಿದ್ದೆ ಕಾಕಾ, ಸೋಲಾಪುರಕ್ಕ ಕಳಸೋಣು ಅಂತ. ಅತ್ತ್ಯಾ ಕೇಳ್ಬೇಕಲ್ಲ."

ಮಜೀದಸಾಬರು ಅವನ ತುಟಿಯನ್ನೇ ನೋಡುತ್ತಿದ್ದರು. "ಸೋಲಾಪುರ ಅಂದ್ರಿ. ಬ್ಯಾರೆ ಏನೂ ಕೇಳಸಂಗಿಲ್ಲ ನಂಗ, ಅದೊಂದು ಮಾತ್ರ ಬರಾಬರ್ ತಿಳೀತದ" ಎಂದರು. ಹೆರೆಯುವ ಕಡ್ಡಿಯನ್ನು ಕೆಳಗಿಟ್ಟರು. "ಬಾಯಾರೆ, ಖರೇ ಹೇಳ್ತೀನಿ. ಕೆಳಗಿನ ಸಾಲು ನಂಗ ಕೇಳಸಂಗಿಲ್ಲ. ನಾಕ ವರ್ಷ ಆತು. ಅಂದಾಜಲೇ ಮಾಡೀನಿ."

ಜಾನಕೀಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಂದಾಜಲೇ ಮಾಡಿ ಇಷ್ಟರೇ ಬಂತಲ್ಲ! ಕಿವಿ ಇದ್ದೋರು ಇದಕ್ಕಿಂತ ಕೆಟ್ಟ ಹಾಡ್ತಾರ ನಮ್ಮ ಮಂಡಳ್ಯಾಗ" ಎಂದರು. ಆಮೇಲೆ ದನಿ ಬಿಗಿಯಾಯಿತು. "ಬುಧವಾರ ಸಂಜೀಕ ಬರ್ತೀನಿ. ಅಷ್ಟರಾಗ ಎಮ್ಮಿ ಸುಮ್ಮನಾದ್ರ ಸರಿ. ಇಲ್ಲಂದ್ರ ಪೇಟಿ ಸೋಲಾಪುರಕ್ಕ ಹೋಗ್ತದ, ಮತ್ತ ಇಲ್ಲಿಗೆ ಬರಂಗಿಲ್ಲ. ಮನಸಿಗೆ ಹಚ್ಕೋಬ್ಯಾಡ್ರಿ, ನಂಗೂ ಇಪ್ಪತ್ತು ಮಂದಿ ಹೆಂಗಸರ ಬಾಯಿ ಮುಚ್ಚಸೋದದ."

ಜಾನಕೀಬಾಯಿಯ ಪೇಟಿ ಹೋಯಿತೆಂದರೆ ವಾಡಿ, ಚಿತ್ತಾಪುರದ ಉಳಿದ ಪೇಟಿಗಳೂ ಅದರ ಹಿಂದೆ ಹೊರಡುತ್ತವೆ. ಆಮೇಲೆ ಮಜೀದಸಾಬರಿಗೆ ಉಳಿಯುವುದು ಮಶಾಕನ ಪಂಪು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ನನ್ನ ಟೇಬಲ್ ಫ್ಯಾನುಗಳ ಚಿಂತೆಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಪ್ರಾಣೇಶ ಕೆಟ್ಟವನಲ್ಲ. ಕಂಪ್ಯೂಟರಿನವರಿಗೆ ಇರುವ ಒಂದು ರೋಗ ಅವನಿಗೂ ಇತ್ತು, ಯಾವ ಮಾತಿಗೂ ಚೀಲದಿಂದ ಲ್ಯಾಪ್‌ಟಾಪು ತೆಗೆಯುವುದು. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. "ಇದ್ರಾಗ ಬೇಕಾದ ಸ್ವರ ಹಾಕಬಹುದು, ಒಂದು ಕೂದಲು ತಪ್ಪಂಗಿಲ್ಲ" ಎಂದು ಕೆಳಗಿನ ಬಿಳಿ ಐದರ ಸ್ವರ ಹಾಕಿದ. ಪರದೆಯ ಮೇಲೆ ಗೆರೆ ಕುಣಿಯಿತು. ಸದ್ದು ಮಾತ್ರ ಇಲ್ಲ.

"ಬಾರಸಾಕತ್ತದ!" ಎಂದ ಪ್ರಾಣೇಶ.

ಜಾನಕೀಬಾಯಿ ಕಿವಿಯನ್ನು ಅದರ ಹತ್ತಿರ ಒಯ್ದರು. "ಏನೋ ಗುಂಗಾಡಿ ಗೋಡಿ ಆಚೀಕಡಿ ಹಾರಿದಂಗ ಅದ. ಪ್ರಾಣ್ಯಾ, ಮಜೀದಸಾಬಗ ಕಿವಿ ಇಲ್ಲ, ನಿನ್ನ ಮಷಿನಿಗೆ ಗಂಟಲಿಲ್ಲ. ಇಬ್ಬರ್ದೂ ಜೋಡಿ ಚಲೋ ಆತು."

ಆ ಲ್ಯಾಪ್‌ಟಾಪಿನ ಸ್ಪೀಕರು ನಾಲ್ಕಾಣೆಯಷ್ಟು ಅಗಲ. ದಪ್ಪ ಸ್ವರಕ್ಕೆ ದೊಡ್ಡ ಬಾಯಿ ಬೇಕು, ದೊಡ್ಡ ಪೆಟ್ಟಿಗೆ ಬೇಕು. ಇಷ್ಟು ನನ್ನ ದಂಧೆಯಲ್ಲಿ ಯಾರಿಗಾದರೂ ತಿಳಿಯುತ್ತದೆ. "ನಮ್ಮ ಮನಿ ಸ್ಟೀರಿಯೋಕ್ಕ ಹಚ್ಚಿದ್ರ ಗ್ವಾಡಿ ನಡಗ್ತಾವ" ಎಂದುಬಿಟ್ಟೆ. ಉಪಕಾರಕ್ಕೆ ಹೇಳಿದ್ದಲ್ಲ. ಹದಿಮೂರು ವರ್ಷದಿಂದ ಆ ಸ್ಟೀರಿಯೋ ನೋಡಿ ಯಾರೂ ಸರಿಯಾಗಿ ಹೊಟ್ಟೆ ಉರಿದುಕೊಂಡಿರಲಿಲ್ಲ. ಆದರೆ ಮಜೀದಸಾಬರು ನನ್ನ ತುಟಿ ನೋಡಿಬಿಟ್ಟಿದ್ದರು.

"ಗ್ವಾಡಿ ನಡಗ್ತದೇನ್ರಿ? ಖರೇ?"

"ಅಂದ್ರ... ಹಂಗ ಹೇಳ್ತಾರ."

"ಗ್ವಾಡಿ ನಡಗಿದ್ರ ನನ್ನ ಕೈಯೂ ನಡಗ್ತದ. ಸ್ವರ ಕಿವಿಗೇ ಬರಬೇಕು ಅಂತ ಎಲ್ಲಿ ಬರದದ ಸಾವ್ಕಾರ್ರೆ? ನಾಳಿ ಬರ್ತೀನಿ."

ಸೋಮವಾರ ಹತ್ತು ಗಂಟೆಗೆ ಪೇಟಿ ಹೊತ್ತು ಮಜೀದಸಾಬರು, ಲ್ಯಾಪ್‌ಟಾಪು ಹೊತ್ತು ಪ್ರಾಣೇಶ ನಮ್ಮ ಮನೆಗೆ ಬಂದರು. ಆ ಸ್ಟೀರಿಯೋ 1994ರಲ್ಲಿ ಬಂದದ್ದು. ಮೊಣಕಾಲೆತ್ತರದ ಎರಡು ಕಟ್ಟಿಗೆಯ ಸ್ಪೀಕರ್ ಪೆಟ್ಟಿಗೆ, ನಡುವೆ ಟೇಪು ಸಮೇತ ಯಂತ್ರ, ಮೇಲೆ ನನ್ನ ಹೆಂಡತಿ ನಾಗರತ್ನಾ ಹೆಣೆದ ಬಿಳಿ ಜಾಳಿಗೆಯ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ವರ್ಷಕ್ಕೆ ನಾಲ್ಕು ಸಲ ಟೇಪು ಹಾಡಿದರೆ ಹೆಚ್ಚು. ಉಳಿದ ದಿನ ಅದು ಹೂದಾನಿಯ ಪೀಠ.

"ಕೈ ತೊಳಕೊಂಡು ಮುಟ್ರಿ" ಎಂದಳು ನಾಗರತ್ನಾ. ತೊಳೆದುಕೊಂಡೆವು.

ಲ್ಯಾಪ್‌ಟಾಪಿನ ಕಿವಿಗೆ ಒಂದು ಸಣ್ಣ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಎರಡು ಪಿನ್ನು ಇರುವ ವೈರನ್ನು ಅಂಗಡಿಯಿಂದಲೇ ತಂದಿದ್ದೆ. ಸ್ಟೀರಿಯೋದ ಬೆನ್ನಿಗೆ ಕೆಂಪು ಬಿಳಿ ಎರಡು ತೂತುಗಳಿದ್ದವು, ಹೊರಗಿನ ಯಂತ್ರದ ಸದ್ದು ಒಳಗೆ ತೆಗೆದುಕೊಳ್ಳುವುದಕ್ಕೆ. ಅವುಗಳಿಗೆ ಹದಿಮೂರು ವರ್ಷದಲ್ಲಿ ಕೆಲಸ ಬಿದ್ದಿರಲಿಲ್ಲ. ಪ್ರಾಣೇಶ ಯಂತ್ರದ ಹಿಂದಿನ ಕತ್ತಲಲ್ಲಿ ಕೈಯಾಡಿಸಿ ಪಿನ್ನು ಒತ್ತಿದ. ಹೋಗಲಿಲ್ಲ. ಜೋರು ಮಾಡಿ ಒತ್ತಿದ. ಅರ್ಧ ಹೋಯಿತು. ಸ್ವರ ಹಾಕಿದ. ಬಲಗಡೆಯ ಪೆಟ್ಟಿಗೆ ಒಮ್ಮೆ ಕರಕರ ಅಂದು ಸುಮ್ಮನಾಯಿತು, ಎಡಗಡೆಯದು ಅಷ್ಟೂ ಅನ್ನಲಿಲ್ಲ. ಆವಾಜು ಏರಿಸಿದ, ಇಳಿಸಿದ, ಲ್ಯಾಪ್‌ಟಾಪು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಒಂದು ತಾಸು ಹೋಯಿತು. ಹನ್ನೊಂದಕ್ಕೆ ಕರೆಂಟೂ ಹೋಯಿತು, ದಿನದ ಪಾಳಿಯಂತೆ.

"ಕಾಕಾ, ನಿಮ್ಮ ಸ್ಟೀರಿಯೋ ಸತ್ತದ" ಎಂದ ಪ್ರಾಣೇಶ.

ನನಗೆ ಸಿಟ್ಟು ಬಂತು. "ಸತ್ತದ್ದು ನಿನ್ನ ಹೈದರಾಬಾದಿ ಸಾಮಾನು! ಶಿವರಾತ್ರಿಗೆ ಟೇಪು ಹಾಡ್ಯದ ಇದ್ರಾಗ."

ಮಜೀದಸಾಬರು ನಡುವೆ ಕೈ ಅಡ್ಡ ಹಿಡಿದರು. "ಟೇಪು ಹಾಡ್ತದ ಅಂದ್ರ ಗಂಟಲ ಚಲೋ ಅದ. ಹೊರಗಿನ ಮಾತು ಒಳಗ ಹೋಗವಲ್ದು. ಅಂದ್ರ ಕಿವಿ ಕಟ್ಟ್ಯದ. ಈ ರೋಗ ನಂಗ ಗೊತ್ತದ. ನಾಳಿ ಬೆಳಕಿಗೆ ತಿರುವಿ ನೋಡೋಣು."

ಮಂಗಳವಾರ ಮುಂಜಾನೆ ಎಂಟಕ್ಕೇ ಇಬ್ಬರೂ ಬಂದು ಕೂತಿದ್ದರು. ವೈರೆಲ್ಲ ಬಿಚ್ಚಿ, ಸ್ಟೀರಿಯೋವನ್ನು ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ಕೂಡಿಸಿದೆವು. ಮಜೀದಸಾಬರು ತಮ್ಮ ಹೆರೆಯುವ ಕಡ್ಡಿಯನ್ನು ಕೆಂಪು ತೂತಿನಲ್ಲಿ ಮೆಲ್ಲಗೆ ತಿರುಗಿಸಿ ಹೊರಗೆಳೆದರು. ತುದಿ ಕೆಂಪಾಗಿತ್ತು.

"ಇದೇನ್ರಿ, ರಕ್ತ?" ಎಂದ ಪ್ರಾಣೇಶ.

ಮಜೀದಸಾಬರು ಮೂಸಿದರು. ನನ್ನ ಮುಖ ನೋಡಿದರು. ನಾನು ನಾಗರತ್ನಾಳ ಮುಖ ನೋಡಿದೆ. ಬಿಳಿ ತೂತಿನಿಂದ ಬಿಳಿ ಪುಡಿ ಬಂತು, ಸಿಮೆಂಟಿನಂತೆ ಗಟ್ಟಿ.

"ಆಯುಧ ಪೂಜಿದು" ಎಂದಳು ನಾಗರತ್ನಾ, ಏನೂ ಆಗಿಲ್ಲವೆನ್ನುವಂತೆ. "ಕೆಂಪು ತೂತಿಗೆ ಕುಂಕುಮ, ಬಿಳಿ ತೂತಿಗೆ ವಿಭೂತಿ. ವರ್ಷಾ ಹಚ್ತೀನಿ."

"ಹದಿಮೂರು ವರ್ಷ?"

"ಮತ್ತ? ಒಂದ್ ವರ್ಷ ಬಿಟ್ಟು ಒಂದ್ ವರ್ಷ ಹಚ್ಚಲಿಕ್ಕಿದು ಏನು? ಯಾವುದು ಎಲ್ಲಿ ಹಚ್ಚಬೇಕು ಅಂತ ಕಂಪನಿಯವರೇ ಬಣ್ಣ ಬಳದು ಕಳಿಸ್ಯಾರ, ನಾ ಏನ್ ಮಾಡ್ಲಿ? ನೀವು ಅಂಗಡ್ಯಾಗ ಗಲ್ಲೆಗೂ ಹಚ್ಚಂಗಿಲ್ಲ, ಪೂಜಿ ಮಾಡೋದು ನಾ ಒಬ್ಬಾಕೀನೇ."

ಪ್ರಾಣೇಶ ನಗು ತಡೆಯಲಾರದೆ ಅಂಗಳಕ್ಕೆ ಹೋದ. ಮಜೀದಸಾಬರು ನಗಲಿಲ್ಲ. ಕಡ್ಡಿ ಹಿಡಿದ ಕೈಯನ್ನು ಹಿಂದೆ ತೆಗೆದುಕೊಂಡು ಕೇಳಿದರು: "ಅಕ್ಕಾ, ಇದು ನಿಮ್ಮ ದೇವರದು. ನಾ ತೆಗೀಲೇನು?"

ನಾಗರತ್ನಾ ಒಳಗೆ ಹೋಗಿ ಒಂದು ಮಡಿ ವಸ್ತ್ರ ತಂದು ತೂತಿನ ಕೆಳಗೆ ಹಾಸಿದಳು. "ತೆಗೀರಿ ಅಣ್ಣಾ. ಕೆಳಗ ಬೀಳಬಾರದು ಅಷ್ಟೇ. ಬೇವಿನ ಬುಡಕ್ಕ ಹಾಕ್ತೀನಿ."

ಅರ್ಧ ತಾಸು ಅವರು ಆ ಎರಡು ತೂತು ಹೆರೆದ ರೀತಿ ನೋಡಬೇಕಿತ್ತು. ಒಂದು ಕಣವೂ ಫರ್ಸಿಗೆ ಬೀಳಲಿಲ್ಲ. ಕೊನೆಗೆ ಪಿನ್ನು ಒತ್ತಿದರೆ ಟಕ್ಕೆಂದು ಕೂತಿತು. ಪ್ರಾಣೇಶ ಸ್ವರ ಹಾಕಿದ. ನನ್ನ ಎದೆಯ ಮೇಲೆ ಯಾರೋ ಅಂಗೈ ಇಟ್ಟಂತಾಯಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗುಣುಗುಟ್ಟಿದವು. ಹೊಟ್ಟೆ ಉರಿದುಕೊಳ್ಳುವಂಥ ಸಾಮಾನೇ ಅದು, ನಾನು ಸುಳ್ಳು ಹೇಳಿರಲಿಲ್ಲ.

ಮಜೀದಸಾಬರು ಎರಡೂ ಪೆಟ್ಟಿಗೆಗಳನ್ನು ಒತ್ತೊತ್ತಿಗೆ ಇಟ್ಟು, ಅವುಗಳ ಮೇಲೆ ಪೇಟಿ ಕೂಡಿಸಿದರು. ಮುಂದೆ ಮೊಣಕಾಲೂರಿ ಕೂತು ಗದ್ದವನ್ನು ಪೇಟಿಯ ಕಟ್ಟಿಗೆಯ ಅಂಚಿಗೆ ಒತ್ತಿದರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅವರ ತುಟಿ ಅಲುಗಿತು.

"ಬಂತು. ಎಲುಬಿನಾಗ ಬಂತು. ಯಾ ಅಲ್ಲಾ, ನಾಕ ವರ್ಷ ಆಗಿತ್ತು."

ಪೇಟಿಗೆ ಗಾಳಿ ಹಾಕುವ ಕೆಲಸ ನನಗೆ ಬಂತು. ಶಹಾಬಾದಿನ ವ್ಯಾಪಾರಿಗಳಲ್ಲಿ ತಿದಿ ಒತ್ತಿದವ ನಾನೊಬ್ಬನೇ ಇರಬೇಕು. ಮೊದಲು ಬಿಳಿ ಐದನ್ನೇ ಹಿಡಿದರು. ಯಂತ್ರದ ಸ್ವರ, ಪೇಟಿಯ ಸ್ವರ, ನಡುವೆ ಜೋಕಾಲಿ. ರೀಡಿನ ತುದಿ ಹೆರೆದರು. ನುಡಿಸಿದರು. ಮತ್ತೆ ಹೆರೆದರು. ಹೊರಗಿನಿಂದ ನಮಗೆ ಸ್ವರ ಹತ್ತಿರ ಹತ್ತಿರ ಬಂದಂತೆ ಕೇಳುತ್ತಿತ್ತು, ಆದರೆ ಜೋಕಾಲಿ ಸಂಪೂರ್ಣ ನಿಲ್ಲುತ್ತಿರಲಿಲ್ಲ. ಐದನೆಯ ಸಲ ಹೆರೆದು ನುಡಿಸಿದವರು ಒಮ್ಮೆಲೇ ಗದ್ದ ಎತ್ತಿದರು.

"ಪ್ರಾಣೇಶ, ಈ ಪೆಟಗಿಯಾಗ ಮೂರು ಮಂದಿ ಅದಾರ."

"ಮೂರು ಯಾರ್ರಿ?"

"ನಿಮ್ಮ ಮಷಿನ್ ಒಬ್ಬ. ನನ್ನ ರೀಡ್ ಒಬ್ಬ. ಮೂರನೆಯವ ಯಾರೋ ಸುಮ್ಕ ಗುಂಯ್ ಅನ್ನಾಕತ್ಯಾನ. ನಾ ಇಷ್ಟೊತ್ತು ಅವನ ಜೋಡಿ ಕೂಡಸಾಕತ್ತಿದ್ದೆ."

ಪ್ರಾಣೇಶ ಲ್ಯಾಪ್‌ಟಾಪಿನ ಸ್ವರ ನಿಲ್ಲಿಸಿದ. ನಾನು ತಿದಿ ಬಿಟ್ಟೆ. ಆಗ ಕೇಳಿಸಿತು, ಪೆಟ್ಟಿಗೆಗಳ ಹೊಟ್ಟೆಯಲ್ಲಿ ಒಂದು ಸಣ್ಣ ಗುಂಯ್‌ಗುಡುವ ಸದ್ದು. ಕಿವಿ ಇದ್ದ ಮೂವರಿಗೆ ಕೇಳದ್ದು ಕಿವಿ ಇಲ್ಲದ ಗದ್ದಕ್ಕೆ ಕೇಳಿತ್ತು. ಕರೆಂಟಿನ ಈ ಗುಂಯ್ ನನ್ನ ದಂಧೆಯದು, ನಾನಾದರೂ ಹಿಡಿಯಬೇಕಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಪಿನ್ನು ಕಿತ್ತೆ. ಗುಂಯ್ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ಬಂತು. ಚಾರ್ಜರಿನಿಂದ ವೈರಿನಗುಂಟ ಸ್ಟೀರಿಯೋಕ್ಕೆ ಹೋಗುತ್ತಿತ್ತು ಅದು. ಅದರ ದುರ್ಬುದ್ಧಿ ನೋಡಿ, ಅದು ನುಡಿಯುತ್ತಿದ್ದ ಸ್ವರ ಬಿಳಿ ಐದಕ್ಕೆ ಒಂದು ಕೂದಲು ಮೇಲೆ. ಮಜೀದಸಾಬರು ಆ ರೀಡನ್ನು ಬೇಕಾದದ್ದಕ್ಕಿಂತ ಹೆಚ್ಚು ಹೆರೆದುಬಿಟ್ಟಿದ್ದರು. ಈಗ ಬುಡ ಹೆರೆದು ಇಳಿಸಬೇಕು. ಹಳೆಯ ಹಿತ್ತಾಳೆ, ಹೆಚ್ಚು ತೆಳುವಾದರೆ ಮುರಿಯುತ್ತದೆ.

"ಚಾರ್ಜರ್ ತೆಗೆದ್ರ ಬ್ಯಾಟರಿ ಎಷ್ಟೊತ್ತು?" ಎಂದು ಕೇಳಿದೆ.

ಪ್ರಾಣೇಶ ನೋಡಿ ಹೇಳಿದ: "ನಲವತ್ತು ಮಿನಿಟು. ಹಳೀದದ."

ಗಡಿಯಾರ ಹತ್ತೂ ಇಪ್ಪತ್ತು. ಹನ್ನೊಂದಕ್ಕೆ ಕರೆಂಟು ಹೋಗುತ್ತದೆ. ಎರಡೂ ಕೂಡಿಯೇ ಸಾಯುವ ಲೆಕ್ಕ.

"ಬಿಳಿ ಏಳು ಮನಿ" ಎಂದರು ಮಜೀದಸಾಬರು. "ಕೆಟ್ಟ ಬಿಳಿ ಐದು ಕಡೀಕ. ಅಕ್ಕಾ, ಫ್ಯಾನ್ ಬಂದ್ ಮಾಡ್ರಿ."

ಎಷ್ಟು ವರ್ಷದ ಮೇಲೆ ಆ ಮಾತು! ಫ್ಯಾನು ನಿಂತಿತು. ಆ ಬಿಸಿಲಿನಲ್ಲಿ ಕೋಣೆ ಇಟ್ಟಂಗಿ ಭಟ್ಟಿಯಾಯಿತು. ರೀಡಿನ ಮೇಲೆ ಬೆವರು ಬಿದ್ದರೆ ಕೆಟ್ಟಿತೆಂದು ನಾಗರತ್ನಾ ಟವೆಲು ಹಿಡಿದು ಅವರ ಹಣೆಯ ಪಕ್ಕದಲ್ಲೇ ನಿಂತಳು. ಪ್ರಾಣೇಶ ಸ್ವರ ಬದಲಿಸುತ್ತಿದ್ದ, ನಾನು ಗಾಳಿ ಹಾಕುತ್ತಿದ್ದೆ. ಬಿಳಿ ಒಂದು ಆಯಿತು. ಎರಡು ಆಯಿತು. ಜೋಕಾಲಿ ನಿಂತಾಗಲೆಲ್ಲ ಅವರು ಎಡಗೈಯ ಒಂದು ಬೆರಳು ಎತ್ತುತ್ತಿದ್ದರು. ಮೂರನೆಯದಕ್ಕೆ ಎಂಟು ಮಿನಿಟು ಹೋಯಿತು. ಪ್ರಾಣೇಶ ಮಿನಿಟು ಕೂಗತೊಡಗಿದ. ಅವರಿಗೆ ಅದು ಕೇಳುತ್ತಿರಲಿಲ್ಲ, ಗಡಿಯಾರ ನೋಡಿ ತಿದಿಯ ಲೆಕ್ಕ ತಪ್ಪುತ್ತಿದ್ದವ ನಾನು. ಕಿವುಡುತನದಿಂದ ಒಂದು ಲಾಭವೂ ಉಂಟು ಎಂದು ಆ ದಿನ ತಿಳಿದೆ.

ನಾಲ್ಕು, ಆರು, ಏಳು ಮುಗಿದಾಗ ಹನ್ನೊಂದಕ್ಕೆ ಎರಡು ಮಿನಿಟು. ಬಿಳಿ ಐದಕ್ಕೆ ಕಡ್ಡಿ ಇಟ್ಟು ಬುಡ ಒಮ್ಮೆ ಹೆರೆದರು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಅದರ ಹಿಂದೆಯೇ ಸ್ಟೀರಿಯೋದ ಕೆಂಪು ದೀಪವೂ ಆರಿತು.

"ಹೋತು" ಎಂದು ಪ್ರಾಣೇಶ ತಲೆಯ ಮೇಲೆ ಕೈ ಇಟ್ಟುಕೊಂಡ. "ಬ್ಯಾಟರಿ ತುಂಬಿಸಿ, ಮತ್ತ ಕರೆಂಟ್ ಬಂದ ಮ್ಯಾಲ..."

"ಸುಮ್ನಿರು" ಎಂದರು ಮಜೀದಸಾಬರು. ಗದ್ದ ಎತ್ತಿರಲಿಲ್ಲ. "ಸಾವ್ಕಾರ್ರೆ, ಹವಾ ಬಿಡಬ್ಯಾಡ್ರಿ. ಝೂಲಾ ನಿಂತ್ರ ಎಲುಬಿಗೆ ಹೆಂಗ ಇರ್ತದ ಅಂತ ಈಗ ತಿಳೀತು. ಬಿಳಿ ಒಂದು ಖರೇ ಅದ. ಅದರ ಜೋಡಿ ಐದು ಕೂಡಸ್ತೀನಿ. ನನ್ನ ಮಾವ ಹಂಗೇ ಕಲಿಸಿದ್ದ."

ಬಿಳಿ ಒಂದು, ಬಿಳಿ ಐದು ಎರಡನ್ನೂ ಒತ್ತಿ ಹಿಡಿದರು. ಹಲ್ಲಿನಲ್ಲಿ ಪೇಟಿಯ ಅಂಚು ಕಚ್ಚಿದರು. ಹೆರೆದರು, ಕಚ್ಚಿದರು. ನನ್ನ ತೋಳು ಬಿದ್ದುಹೋಗುವಂತಾಗಿತ್ತು. ಕರೆಂಟಿಲ್ಲದ ಆ ಕೋಣೆಯಲ್ಲಿ ವವ್‌... ವವ್‌... ಎಂಬುದು ಮೆಲ್ಲಗಾಗುತ್ತ ನಮ್ಮ ಉಸಿರಿಗಿಂತ ನಿಧಾನವಾಯಿತು, ಆಮೇಲೆ ಇಲ್ಲವಾಯಿತು. ಎಡಗೈಯ ಬೆರಳು ಮೇಲಕ್ಕೆದ್ದಿತು.

ಬುಧವಾರ ಸಂಜೆ ಜಾನಕೀಬಾಯಿ ಪ್ರಾಣೇಶನೊಂದಿಗೆ ನಮ್ಮ ಮನೆಗೇ ಬಂದರು. ಕಾಫಿ ಬೇಡವೆಂದರು, ಕೂಡುವುದೂ ಬೇಡವೆಂದರು. ನೇರವಾಗಿ ಪೇಟಿಯ ಮುಂದೆ ಬಂದು ಕೆಳಗಿನ ಬಿಳಿ ಐದನ್ನೇ ಒತ್ತಿದರು. ಒತ್ತಿದ ಬೆರಳು ತೆಗೆಯದೆ ನಿಂತೇ ಇದ್ದರು. ಆಮೇಲೆ ಕೂತರು. ಬಿಳಿ ಒಂದನ್ನು ಸೇರಿಸಿದರು, ಮೇಲಿನ ಐದನ್ನು ಸೇರಿಸಿದರು. ಕಣ್ಣು ಮುಚ್ಚಿ ಮೆಲ್ಲಗೆ ಸ್ವರ ಹಿಡಿದರು. ಮಜೀದಸಾಬರು ಪೇಟಿಯ ಮೇಲೆ ಕೈ ಇಡಲೂ ಇಲ್ಲ, ಅವರ ಮುಖವನ್ನಷ್ಟೇ ನೋಡುತ್ತಿದ್ದರು. ಜೀವನವಿಡೀ ಕಿವಿ ನಂಬಿದ ಮನುಷ್ಯ ಹುಬ್ಬಿನ ನಡುವಿನ ಒಂದು ಗೆರೆಗಾಗಿ ಕಾಯುತ್ತಿದ್ದ. ಆ ಗೆರೆ ಬರಲಿಲ್ಲ.

"ಎಮ್ಮಿ ಹ್ವಾದಳು" ಎಂದರು ಜಾನಕೀಬಾಯಿ. ಪ್ರಾಣೇಶನ ಕಡೆ ತಿರುಗಿದರು. "ಸೋಲಾಪುರಕ್ಕ ಏನರೇ ಕಳಸಲೇಬೇಕು ಅಂತಿದ್ರ ನಿನ್ನ ಲ್ಯಾಪ್‌ಟಾಪ್ ಕಳಸು. ಅದರ ಬ್ಯಾಟರಿ ಮಾಡಿಸ್ಕೊಂಡು ಬಾ. ಎತ್ತು ಪೇಟಿ, ಏಳೂವರಿ ಗಾಡಿ ಅದ."

ಪ್ರಾಣೇಶ ಬಗ್ಗಿದ. ಮಜೀದಸಾಬರು ಪೇಟಿಯ ಮೇಲೆ ಅಂಗೈ ಊರಿದರು.

"ಕೊಡಂಗಿಲ್ಲ."

"ಯಾಕ್ರಿ?"

"ಕರಿ ಐದು ಮನಿ ಉಳದಾವ, ಬಿಳಿ ತಿರುಗಿ ತಾಳೆ ನೋಡೋದ್ರಾಗೇ ಇವತ್ತಿನ ದಿನ ಹೋತು. ನೀವು ಬಿಳಿ ಅಷ್ಟೇ ನೋಡೀರಿ. ನಾಕ ವರ್ಷ ಅಂದಾಜಲೇ ಕೊಟ್ಟೀನಿ, ಇನ್ನ ಕೊಡಂಗಿಲ್ಲ."

"ಅಯ್ಯ ಶ್ರೀಹರಿ! ನಾಳಿ ಅಧಿಕ ಹಿಡೀತದ, ಹತ್ತಕ್ಕ ಮಂದಿ ಬರ್ತಾರ!"

"ಹತ್ತರೊಳಗ ನಾನೇ ತರ್ತೀನಿ ಬಾಯಾರೆ. ಆಗ್ಲಿಲ್ಲಂದ್ರ ವಾಡ್ಯಾಗೇ ಇಳದು ಅಳಿಯನ ಅಂಗಡ್ಯಾಗ ಪಂಪ್ ಹೊಡೀತೀನಿ, ತಿರುಗಿ ಬರಂಗಿಲ್ಲ."

ಜಾನಕೀಬಾಯಿ ಪ್ರಾಣೇಶನಿಗೆ ಬಿಡು ಎಂದು ಕೈ ಮಾಡಿದರು. "ಹಂಗಂದ್ರ ಬರಿಗೈಲೇ ಹೋ ಅಂತೀರಿ. ಹೋಗ್ತೀನಿ. ಕಾಫಿನರೇ ಕೊಡ್ರಿ ಈಗ" ಎಂದು ನಾಗರತ್ನಾಳ ಕಡೆ ತಿರುಗಿದರು.

ಗುರುವಾರ ಮುಂಜಾನೆಯ ಪ್ಯಾಸೆಂಜರಿನಲ್ಲಿ ಮಜೀದಸಾಬರು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದವನ್ನು ಅದರ ಅಂಚಿಗೆ ಊರಿಕೊಂಡು ಹೋದರು. ರೈಲಿನ ಗಡಗಡವನ್ನೇ ತಿಂದುಕೊಂಡು ಹೋಗಿರಬೇಕು ಎಲುಬಿನಲ್ಲಿ. ಸಂಜೆ ಅದೇ ಗಾಡಿಗೆ ತಿರುಗಿ ಬಂದರು. ಕೈಯಲ್ಲಿ ಜಾನಕೀಬಾಯಿ ಕೊಟ್ಟ ಒಂದು ಡಬ್ಬಿ ಹೋಳಿಗೆ, ಮತ್ತೊಂದು ಪೇಟಿ. ಚಿತ್ತಾಪುರದಿಂದ ಹಾಡಲು ಬಂದವರದಂತೆ.

ಆಮೇಲೆ ನಮ್ಮ ಮನೆಯಲ್ಲಿ ಹೂವಿನ ಕುಂಡಕ್ಕೆ ಪೀಠ ಇಲ್ಲದಾಯಿತು. ಸ್ಟೀರಿಯೋ ಅಂಗಡಿಯ ಕಟ್ಟೆಗೆ ಹೋಯಿತು. ಪ್ರಾಣೇಶ ಬೇಕಾದ ಸ್ವರಗಳನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿಕೊಡಲು ನೋಡಿದ. ಟೇಪು ಓಡುವಾಗ ಸ್ವರ ಅಲುಗುತ್ತದೆ, ಬೇಡವೆಂದರು ಮಜೀದಸಾಬರು. ಹಾಗಾಗಿ ವಾರಕ್ಕೊಮ್ಮೆ, ಹೊಸ ಬ್ಯಾಟರಿಯ ಲ್ಯಾಪ್‌ಟಾಪು ಹಿಡಿದು ಅವನೇ ಬರುತ್ತಾನೆ. ಮರುವರ್ಷ ಕಾಳಗಿಯವರು ತಿರುಗಿ ಬಂದರು. ಖಂಡೆಪ್ಪ ಮಾಸ್ತರು ಇನ್ನೂ ಸೋಲಾಪುರಕ್ಕೇ ಕಳಿಸುತ್ತಾರೆ. ಎಲ್ಲರೂ ಬರುತ್ತಾರೆಂದು ಹೇಳಲು ನಾನೇನು ಕಥೆ ಕಟ್ಟುತ್ತಿಲ್ಲ. ಫ್ಯಾನಿನ ಜಗಳ ಮತ್ತೆ ಶುರುವಾಗಿದೆ. ಗದ್ದಕ್ಕೆ ಅದೂ ಗೊತ್ತಾಗುತ್ತದಂತೆ.

ಆಯುಧ ಪೂಜೆಯ ಹಿಂದಿನ ದಿನ ಮಜೀದಸಾಬರು ಹಳೆಯ ತಿದಿಯ ಚರ್ಮದ ಎರಡು ಸಣ್ಣ ಬಿರಡೆ ಕತ್ತರಿಸಿ, ಕೆಂಪು ತೂತಿಗೊಂದು ಬಿಳಿ ತೂತಿಗೊಂದು ಹಾಕಿ ಮುಚ್ಚುತ್ತಾರೆ. ನಾಗರತ್ನಾ ಬಂದು ಆ ಬಿರಡೆಗಳ ಮೇಲೆ ಕುಂಕುಮ, ವಿಭೂತಿ ಹಚ್ಚುತ್ತಾಳೆ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಹೋದ ವರ್ಷ ಪೂಜೆ ಮುಗಿಸಿ ತಟ್ಟೆ ಹಿಡಿದು ಅವರ ಮುಂದೆ ನಿಂತು, "ಅಣ್ಣಾ, ನಿಮ್ಮ ಕಡ್ಡಿ ಕೊಡ್ರಿ, ಅದಕ್ಕೂ ಹಚ್ತೀನಿ" ಎಂದಳು.

ಮಜೀದಸಾಬರು ಜೇಬಿನಿಂದ ಕಡ್ಡಿ ತೆಗೆದುಕೊಟ್ಟರು. "ಹಿಡಿಕಿಗೆ ಹಚ್ರಿ ಅಕ್ಕಾ" ಎಂದರು. "ತುದಿಗೆ ಬ್ಯಾಡ."